ಸೊಂಟನೋವಿಗೆ ಶಿರಸಿಯ ಒಂದು ಫಿಸಿಯೋಥೆರಪಿ ಕೇಂದ್ರ: ಪ್ಯಾಕೇಜಿನಲ್ಲಿ ಯಾವುದಕ್ಕೆ ಹಣ ಕೊಡಬಹುದು

ಶಿರಸಿ ಪೇಟೆಯ ಫಿಸಿಯೋಥೆರಪಿ ಕೇಂದ್ರಗಳ ಪೈಕಿ ಒಂದರಲ್ಲಿ, ಕಳೆದ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಹಿಡಿದುಕೊಂಡ ಸೊಂಟನೋವಿಗಾಗಿ ನಾನು ಚಿಕಿತ್ಸೆ ಪಡೆದೆ. ಈ ಬರಹ ಆ ಸೇವೆಯ ವಿಮರ್ಶೆ. ಕೇಂದ್ರದ ಹೆಸರನ್ನಾಗಲಿ ಬೀದಿಯನ್ನಾಗಲಿ ಬರೆಯುವುದಿಲ್ಲ. ಮೆಚ್ಚಬೇಕಾದದ್ದೂ ಆಕ್ಷೇಪಿಸಬೇಕಾದದ್ದೂ ಎರಡೂ ಇವೆ, ಊರು ಚಿಕ್ಕದು, ಮೇಲಾಗಿ ಇಲ್ಲಿ ಹೇಳಲಿರುವ ಬಹುಪಾಲು ಮಾತು ಘಟ್ಟದ ಮೇಲಿನ ಮತ್ತು ಕರಾವಳಿಯ ಇಂಥ ಯಾವ ಕೇಂದ್ರಕ್ಕಾದರೂ ಸಲ್ಲುತ್ತದೆ. ತೀರ್ಪನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ಈ ಕೇಂದ್ರ ಯಾವುದಕ್ಕೆ ಬಿಲ್ ಮಾಡುತ್ತದೆಯೋ ಆ ಯಂತ್ರಗಳಿಂದ ಆಗುವ ಲಾಭ ಕಡಿಮೆ, ಬಿಲ್ಲಿನಲ್ಲಿ ಹೆಸರೇ ಇಲ್ಲದ ತಪಾಸಣೆ, ತಿಳಿವಳಿಕೆ ಮತ್ತು ವ್ಯಾಯಾಮದ ಪಾಠಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚಿನ ಬೆಲೆ ಇದೆ.

ದರಗಳು ಹೀಗಿವೆ. ಮೊದಲ ದಿನದ ತಪಾಸಣೆಗೆ 500 ರೂಪಾಯಿ, ಆಮೇಲೆ ಪ್ರತಿ ಸಲಕ್ಕೆ 350. ಹತ್ತು ಸಲದ ಪ್ಯಾಕೇಜನ್ನು ಒಟ್ಟಿಗೆ ಕಟ್ಟಿದರೆ 3,000. ಒಂದು ಸಲವೆಂದರೆ ಹೆಚ್ಚುಕಡಿಮೆ ಒಂದು ಗಂಟೆ. ಅದರಲ್ಲಿ ಮೊದಲು ಬಿಸಿ ಶಾಖ, ನಂತರ ಐಎಫ್‌ಟಿ ಎಂಬ ಕರೆಂಟಿನ ಯಂತ್ರ, ಅದಾದ ಮೇಲೆ ಅಲ್ಟ್ರಾಸೌಂಡ್ ಅಥವಾ ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್, ಕೊನೆಗೆ ಉಳಿದ ಹೊತ್ತಿನಲ್ಲಿ ವ್ಯಾಯಾಮ. ಈ ಕ್ರಮದಲ್ಲಿಯೇ ಕೇಂದ್ರದ ದೊಡ್ಡ ದೋಷ ಅಡಗಿದೆ, ಅದನ್ನು ಮುಂದೆ ವಿವರಿಸುತ್ತೇನೆ.

ತಪಾಸಣೆಗೆ ಮಾತ್ರ ಪೂರ್ಣ ಅಂಕ ಕೊಡಬೇಕು. ಕೇಂದ್ರವನ್ನು ನಡೆಸುವವರು ಎಂಪಿಟಿ, ಎಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಪಡೆದ ಯುವತಿ; ಮುಂದೆ ವೈದ್ಯೆ ಎಂದಿರುವುದು ಇವರನ್ನೇ. ಪ್ರಮಾಣಪತ್ರವನ್ನು ಎದುರಿನ ಗೋಡೆಯ ಮೇಲೆ ತೂಗುಹಾಕಿದ್ದಾರೆ. ಸೊಂಟ ತಿಕ್ಕುವವರೂ ನರ ಎಳೆಯುವವರೂ ತಮ್ಮನ್ನು ತಾವೇ ಥೆರಪಿಸ್ಟ್ ಎಂದು ಕರೆದುಕೊಳ್ಳುವ ಈ ದಿನಗಳಲ್ಲಿ, ಒಳಗೆ ಹೋದವರು ಮೊದಲು ನೋಡಬೇಕಾದದ್ದು ಬಿಪಿಟಿ (ಫಿಸಿಯೋಥೆರಪಿಯ ಮೊದಲ ಪದವಿ) ಅಥವಾ ಎಂಪಿಟಿ ಎಂಬ ಆ ಅಕ್ಷರಗಳನ್ನು. ಅವರು ನನ್ನ ಸೊಂಟವನ್ನು ಮುಟ್ಟುವ ಮೊದಲು ಬಹಳ ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ನೋವು ಕಾಲಿಗೆ ಇಳಿಯುತ್ತದೆಯೇ, ಇಳಿದರೆ ಮೊಣಕಾಲಿನ ಕೆಳಗೂ ಹೋಗುತ್ತದೆಯೇ, ಕೆಮ್ಮಿದಾಗ ಸೀನಿದಾಗ ಹೆಚ್ಚುತ್ತದೆಯೇ ಎಂಬವು ನಿರೀಕ್ಷಿತ ಪ್ರಶ್ನೆಗಳು. ಆದರೆ ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು ಇದೆಯೇ, ತೊಡೆಸಂದಿಯಲ್ಲಿ ಮತ್ತು ಕೂರುವ ಜಾಗದಲ್ಲಿ ಮರಗಟ್ಟಿದಂತಾಗಿದೆಯೇ, ಪಾದ ಎತ್ತಲಾಗದೆ ಎಡವುತ್ತೀರಾ, ಜ್ವರ ಬರುತ್ತಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ಉಬ್ಬಸಕ್ಕೋ ಸಂಧಿವಾತಕ್ಕೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೀರಾ, ಮರದಿಂದಲೋ ಮೆಟ್ಟಿಲಿನಿಂದಲೋ ಬಿದ್ದಿದ್ದೀರಾ ಎಂದೂ ಒಂದೊಂದಾಗಿ ಕೇಳಿ ಬರೆದುಕೊಂಡರು. ಇವುಗಳಲ್ಲಿ ಮೂತ್ರದ ತೊಂದರೆ, ಮರಗಟ್ಟುವಿಕೆ ಮತ್ತು ಕಾಲಿನ ಬಲ ಕುಂದುವುದು ಬೆನ್ನೆಲುಬಿನ ಕೆಳತುದಿಯ ನರಗುಚ್ಛ ಒತ್ತಿಕೊಂಡಿರುವುದರ ಲಕ್ಷಣಗಳಾಗಿರಬಹುದು. ಅಂಥವರಿಗೆ ಫಿಸಿಯೋಥೆರಪಿ ಕೇಂದ್ರದ ಮಂಚ ತಕ್ಕ ಜಾಗವಲ್ಲ, ಅದೇ ದಿನ ಆಸ್ಪತ್ರೆಗೆ ಹೊರಡಬೇಕು.

ಆನಂತರ ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಒಂದೊಂದೇ ಕಾಲನ್ನು ಮೇಲೆತ್ತಿದರು. ಹೀಗೆ ಎತ್ತುವಾಗ ಮೂವತ್ತರಿಂದ ಎಪ್ಪತ್ತು ಡಿಗ್ರಿಯೊಳಗೆ ಕಾಲಿನುದ್ದಕ್ಕೂ ಸೆಳೆದ ನೋವು ಬಂದರೆ ನರದ ಬೇರು ಕೆರಳಿದೆಯೆಂಬ ಸಂಶಯ ಬಲವಾಗುತ್ತದೆ. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಿನಲ್ಲಿ ನಡೆಸಿದರು, ಹೆಬ್ಬೆರಳನ್ನು ಮೇಲೆತ್ತಲು ಹೇಳಿ ತಮ್ಮ ಬೆರಳಿನಿಂದ ಕೆಳಗೆ ಒತ್ತಿ ನೋಡಿದರು, ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ತಟ್ಟಿದರು. ಎಲ್ಲವೂ ಸರಿಯಾಗಿದ್ದುದರಿಂದ ಎಕ್ಸ್‌ರೇ ಆಗಲಿ ಎಂಆರ್‌ಐ ಆಗಲಿ ಈಗ ಬೇಡ ಎಂದರು. ಈ ಒಂದು ಮಾತಿನಿಂದ ನನಗೆ ಹುಬ್ಬಳ್ಳಿಯ ಪ್ರಯಾಣವೂ ಸಾವಿರಾರು ರೂಪಾಯಿಯೂ ಉಳಿದವು. ಸೊಂಟನೋವಿನ ನೂರು ಪ್ರಕರಣಗಳಲ್ಲಿ ಸುಮಾರು ತೊಂಬತ್ತರಲ್ಲಿ ಇಂಥದೇ ಮೂಳೆ, ಇಂಥದೇ ಡಿಸ್ಕ್, ಇಂಥದೇ ಸ್ನಾಯು ಕಾರಣವೆಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡು ಬಹಳ ಕಾಲವಾಗಿದೆ. ಆದರೆ ಅದನ್ನು ರೋಗಿಯ ಮುಖಕ್ಕೆ ನೇರವಾಗಿ ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬಿನ ಮಾದರಿಯೊಂದಿದೆ. ಅದನ್ನು ಕೈಗೆತ್ತಿಕೊಂಡು ಅವರು ಕೊಟ್ಟ ವಿವರಣೆ ನನಗೆ ಚಿಕಿತ್ಸೆಯಷ್ಟೇ ಉಪಯುಕ್ತವಾಯಿತು. ಕತ್ತಿನಲ್ಲಿ ಏಳು, ಬೆನ್ನಿನಲ್ಲಿ ಹನ್ನೆರಡು, ಸೊಂಟದಲ್ಲಿ ಐದು ಮಣಿಗಳು. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಮಣಿಗಳ ನಡುವಿನ ಡಿಸ್ಕ್‌ಗೆ ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರಿನಂಶ ತುಂಬಿದ ಮೆತ್ತನೆಯ ತಿರುಳು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ‘ಡಿಸ್ಕ್ ಜಾರಿದೆ’ ಎಂಬ ಭಯಕ್ಕೆ ಅವರು ಆ ಮಾದರಿಯಲ್ಲಿಯೇ ಉತ್ತರ ತೋರಿಸಿದರು: ಡಿಸ್ಕ್ ಮೇಲೆ ಕೆಳಗೆ ಎರಡೂ ಮಣಿಗಳಿಗೆ ಅಂಟಿಕೊಂಡಿದೆ, ಜಾಗ ಬಿಟ್ಟು ಜಾರಿ ಹೋಗುವುದಿಲ್ಲ, ಹೊರಗಿನ ಸುತ್ತು ದುರ್ಬಲವಾದಲ್ಲಿ ಉಬ್ಬಬಹುದು, ಕೆಲವೊಮ್ಮೆ ತಿರುಳು ಹೊರಗೆ ಬಂದು ಪಕ್ಕದ ನರವನ್ನು ಕೆರಳಿಸಬಹುದು, ಹಾಗೆ ಬಂದದ್ದು ಅನೇಕರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಕುಗ್ಗುತ್ತದೆ.

ಇದನ್ನು ಕೇಳುತ್ತಿದ್ದಾಗ ನನ್ನ ಪಕ್ಕದಲ್ಲಿದ್ದವರು ಸಾರಿಗೆ ಬಸ್ಸಿನ ಚಾಲಕರೊಬ್ಬರು. ದೇವಿಮನೆ ಘಟ್ಟವನ್ನು ವರ್ಷಗಟ್ಟಲೆ ಹತ್ತಿಳಿದವರ ಸೊಂಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಡೀ ಮೈಗೆ ತಟ್ಟುವ ಕಂಪನ ಮತ್ತು ಗಂಟೆಗಟ್ಟಲೆ ಕೂರುವಿಕೆ ಎರಡೂ ಸೊಂಟನೋವಿನೊಂದಿಗೆ ತಳಕು ಹಾಕಿಕೊಂಡ ಸಂಗತಿಗಳೆಂಬುದು ತಿಳಿದದ್ದೇ. ಅವರ ತೊಡೆಯ ಮೇಲೆ ಎಂಆರ್‌ಐ ಚಿತ್ರಗಳ ದೊಡ್ಡ ಕವರ್ ಇತ್ತು, ‘ಎಲ್-ಫೋರ್ ಎಲ್-ಫೈವ್ (ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್) ಸವೆದಿದೆಯಂತೆ, ಇನ್ನು ಬಸ್ ಓಡಿಸುವ ಹಾಗಿಲ್ಲವೇನೋ’ ಎಂಬ ಚಿಂತೆ ಮುಖದ ಮೇಲಿತ್ತು. ವೈದ್ಯೆ ಆ ವರದಿಯನ್ನು ಓದಿ, ‘ಸರ್, ನಿಮ್ಮ ವಯಸ್ಸಿನ ನೋವಿಲ್ಲದವರನ್ನು ಕರೆತಂದು ಚಿತ್ರ ತೆಗೆದರೂ ಹೆಚ್ಚಿನವರಲ್ಲಿ ಇದೇ ಕಾಣುತ್ತದೆ’ ಎಂದರು. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಯಾವ ನೋವೂ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತವೂ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದೂ ಕಾಣುತ್ತದೆ. ಐವತ್ತರಲ್ಲಿ ಆ ಪ್ರಮಾಣ ಕ್ರಮವಾಗಿ ಶೇ 80 ಮತ್ತು ಶೇ 60. ಅಂದರೆ ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಬೇಕಿಲ್ಲ. ಚಾಲಕರು ಕವರನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಮುಂಜಾನೆ ಆ ಕೇಂದ್ರದಲ್ಲಿ ನಡೆದ ಅತ್ಯುತ್ತಮ ಚಿಕಿತ್ಸೆ ಅದೇ ಎಂದು ನನ್ನ ಅಭಿಪ್ರಾಯ.

ಇನ್ನು ಯಂತ್ರಗಳ ಕೋಣೆಗೆ ಬರೋಣ. ಬಿಸಿನೀರಿನ ತೊಟ್ಟಿಯಿಂದ ತೆಗೆದ ಶಾಖದ ಪೊಟ್ಟಣವನ್ನು ದಪ್ಪ ಟವೆಲುಗಳಲ್ಲಿ ಸುತ್ತಿ ಸೊಂಟದ ಮೇಲಿಡುತ್ತಾರೆ. ಹಿತವಾಗುತ್ತದೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಹೊಸದಾಗಿ ಬಂದ ನೋವಿಗೆ ಶಾಖದಿಂದ ಅಷ್ಟಿಷ್ಟು ಉಪಶಮನವಿದೆ ಎಂಬುದಕ್ಕೆ ತಕ್ಕಮಟ್ಟಿನ ಆಧಾರವೂ ಇದೆ. ಆದರೆ ಮನೆಯ ಬಚ್ಚಲಿನಲ್ಲಿ ಹಂಡೆ ತುಂಬ ಬಿಸಿನೀರು ಕಾಯುವ ನಮ್ಮ ಸೀಮೆಯಲ್ಲಿ ಇದಕ್ಕಾಗಿ ಪೇಟೆಗೆ ಬರಬೇಕಾಗಿಲ್ಲ. ಐಎಫ್‌ಟಿ ಯಂತ್ರ ಸುಮಾರು ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನ ಎರಡು ವಿದ್ಯುತ್ ಪ್ರವಾಹಗಳನ್ನು ಅಡ್ಡಹಾಯಿಸಿ, ಅವು ಕೂಡುವಲ್ಲಿ ಕಡಿಮೆ ಆವರ್ತನದ ಮಿಡಿತವನ್ನು ಉಂಟುಮಾಡುತ್ತದೆ. ಸೊಂಟದಲ್ಲಿ ಜುಮುಜುಮು ಎನ್ನಿಸುತ್ತದೆ, ಮಂಚದಿಂದ ಏಳುವಾಗ ಹಗುರವೆನಿಸುತ್ತದೆ, ಮನೆ ಸೇರುವಷ್ಟರಲ್ಲಿ ಆ ಹಗುರ ಕರಗಿರುತ್ತದೆ. ಅಲ್ಟ್ರಾಸೌಂಡ್‌ನ ತಲೆಯನ್ನು ಜೆಲ್ ಹಚ್ಚಿ ತಿರುಗಿಸುವಾಗ ನನಗೆ ಏನೂ ಆಗಲಿಲ್ಲ. ಟ್ರ್ಯಾಕ್ಷನ್ ಮಂಚದಲ್ಲಿ ಎದೆಗೂ ಸೊಂಟಕ್ಕೂ ಪಟ್ಟಿ ಕಟ್ಟಿ ಮೋಟಾರಿನಿಂದ ಎಳೆಯುತ್ತಾರೆ; ನನಗೆ ಅದು ಅಗತ್ಯವಿಲ್ಲವೆಂದು ಬಿಟ್ಟರು, ಪಕ್ಕದ ಪರದೆಯ ಆಚೆಗೆ ಮಾತ್ರ ಅದು ಬೆಳಗಿನಿಂದ ಸದ್ದು ಮಾಡುತ್ತಲೇ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ ಹೇಗಿರಬೇಕೆಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಹನ್ನೆರಡು ವಾರ ಮೀರಿದ ನೋವನ್ನು ದೀರ್ಘಕಾಲದ್ದೆಂದು ಎಣಿಸುತ್ತಾರೆ. ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಾಲೀಸು ಮೊದಲಾದ ಕೆಲವು ಕೈಚಿಕಿತ್ಸೆಗಳು, ಮನಸ್ಸಿನ ಭಯವನ್ನೂ ಚಿಂತೆಯನ್ನೂ ಕುರಿತ ಸಲಹೆ ಮತ್ತು ಅಗತ್ಯವಿದ್ದಾಗ ಊತ ತಗ್ಗಿಸುವ ನೋವಿನ ಮಾತ್ರೆ, ಇವು ಆ ಮಾರ್ಗಸೂಚಿ ಪರಿಗಣಿಸಬಹುದೆಂದು ಹೇಳಿದವು. ಟ್ರ್ಯಾಕ್ಷನ್, ಚಿಕಿತ್ಸೆಗಾಗಿ ಬಳಸುವ ಅಲ್ಟ್ರಾಸೌಂಡ್, ಟೆನ್ಸ್ ಎಂಬ ಕರೆಂಟಿನ ಯಂತ್ರ, ಸೊಂಟದ ಬೆಲ್ಟ್ ಮತ್ತು ಅಫೀಮಿನ ವರ್ಗದ ನೋವುನಿವಾರಕಗಳು ವಾಡಿಕೆಯಾಗಿ ಬೇಡ ಎಂದು ಹೇಳಿದ ಪಟ್ಟಿಯಲ್ಲಿವೆ. ನಮ್ಮ ಪ್ಯಾಕೇಜಿನ ಒಂದು ಗಂಟೆಯಲ್ಲಿ ಹೆಚ್ಚು ಹೊತ್ತು ಯಾವುದಕ್ಕೆ ಹೋಗುತ್ತದೆಂದು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೇಸರವಾಗುತ್ತದೆ. ಯಂತ್ರಗಳು ಇಲ್ಲಿ ಊಟದ ಎಲೆಯ ಮೇಲಿನ ಉಪ್ಪಿನಕಾಯಿಯಂತೆ ಇರಬೇಕಾಗಿತ್ತು. ಬಡಿಸಿದ್ದೇ ಅದು, ಅನ್ನ ಕೊನೆಗೆ ಒಂದು ಹಿಡಿ.

ಈ ಮಾತನ್ನು ವೈದ್ಯೆಯ ಮುಂದೆಯೂ ಇಟ್ಟೆ. ‘ಯಂತ್ರ ಹಚ್ಚದೆ ವ್ಯಾಯಾಮ ಮಾತ್ರ ಹೇಳಿಕೊಟ್ಟರೆ, ಏನೂ ಟ್ರೀಟ್‌ಮೆಂಟ್ ಕೊಡಲಿಲ್ಲ ಎಂದು ಜನ ಮರುದಿನ ಬರುವುದಿಲ್ಲ ಸರ್’ ಎಂದರು. ಅದು ನಿಜ. ಸಿದ್ದಾಪುರದಿಂದಲೋ ಬನವಾಸಿಯಿಂದಲೋ ಬಸ್ ಹಿಡಿದು ಬಂದವರಿಗೆ ಏನೋ ಒಂದನ್ನು ಮೈಗೆ ಹಚ್ಚಿಸಿಕೊಂಡರೆ ಬಂದದ್ದಕ್ಕೆ ಸಾರ್ಥಕ. ಇಂಜೆಕ್ಷನ್ ಕೊಡದ ಡಾಕ್ಟರನ್ನು ಡಾಕ್ಟರೇ ಅಲ್ಲ ಎನ್ನುವ ಊರಿನಲ್ಲಿ ಈ ಕೇಂದ್ರದ ಮೇಲೆ ಮಾತ್ರ ತಪ್ಪು ಹೊರಿಸುವುದು ನ್ಯಾಯವಲ್ಲ. ಆದರೂ ಒಬ್ಬ ರೋಗಿಗೆ ಶಾಖ ಕೊಡುವ ಹೊತ್ತಿನಲ್ಲಿ ಇನ್ನೊಬ್ಬನಿಗೆ ಕರೆಂಟು ಹಚ್ಚಿ, ಮೂರನೆಯವನಿಗೆ ವ್ಯಾಯಾಮ ಹೇಳುವ ಈ ಏರ್ಪಾಡಿನಲ್ಲಿ ವ್ಯಾಯಾಮದ ಪಾಠ ಅವಸರದ್ದಾಗುತ್ತದೆ. ಒಂದೆರಡು ಸಲ ಸಹಾಯಕಿಯೇ ‘ನಿನ್ನೆಯದೇ ಮಾಡಿ’ ಎಂದು ಹೇಳಿ ಮುಗಿಸಿದ್ದುಂಟು. ಮುಖ್ಯ ಆಕ್ಷೇಪ ಇದೇ.

ಅವಸರವಿಲ್ಲದ ದಿನಗಳಲ್ಲಿ ಅದೇ ಪಾಠ ಎಷ್ಟು ಚೆನ್ನಾಗಿತ್ತೆಂದು ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಮೊದಲು ಬೋರಲು ಮಲಗಿ ಮೊಣಕೈ ಊರಿ ಎದೆಯನ್ನು ಎತ್ತುವುದು, ಅದು ಹಗುರವಾದ ಮೇಲೆ ಅಂಗೈ ಊರಿ ಸೊಂಟವನ್ನು ನೆಲಕ್ಕೆ ಬಿಟ್ಟು ಬೆನ್ನನ್ನು ಹಿಂದಕ್ಕೆ ಬಾಗಿಸುವುದು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ರೂಪಿಸಿದ ಪದ್ಧತಿಯಿಂದ ಬಂದ ಈ ಚಲನೆಯನ್ನು ಎಲ್ಲರಿಗೂ ಹೇಳಿಕೊಡುವುದಿಲ್ಲ ಎಂಬುದು ನನಗೆ ಮೆಚ್ಚಿಕೆಯಾಯಿತು. ಹಿಂದಕ್ಕೆ ಬಾಗಿದಾಗ ನೋವು ಕಾಲಿನಿಂದ ಮೇಲೇರಿ ಸೊಂಟದ ನಡುವೆ ನಿಂತರೆ ಅದು ಒಳ್ಳೆಯ ಸೂಚನೆ. ಕೆಳಗಿಳಿದರೆ ಅಲ್ಲಿಗೇ ನಿಲ್ಲಿಸಬೇಕು. ನಿಂತು ನಡೆದರೆ ಕಾಲು ಸೆಳೆದು, ಮುಂದಕ್ಕೆ ಬಾಗಿ ಕೂತರೆ ಹಾಯೆನಿಸುವ ಹಿರಿಯರೊಬ್ಬರಿಗೆ, ನರ ಹಾಯುವ ದಾರಿ ಕಿರಿದಾಗಿರುವ ಸಂಭವವಿರುವುದರಿಂದ, ಇದರ ಬದಲು ಮಂಡಿಗಳನ್ನು ಎದೆಗೆ ತರುವ ವ್ಯಾಯಾಮ ಹೇಳಿಕೊಟ್ಟರು. ಇಬ್ಬರಿಗೂ ಒಂದೇ ಕಾಗದದ ಹಾಳೆ ಕೊಟ್ಟು ಕಳಿಸುವ ಕೇಂದ್ರಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಮುಂದೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ನಾಲ್ಕು ಕಾಲಿನ ಮೇಲೆ ನಿಂತಂತೆ ಊರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಒಟ್ಟಿಗೆ ಚಾಚುವುದು, ಒಂದು ಮಗ್ಗುಲಿಗೆ ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು. ಇವುಗಳಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಾಗುವ ಪಾಠ: ಗೋಡೆಗೆ ಬೆನ್ನು ಮಾಡಿ ತುಸು ದೂರ ನಿಂತು, ಪೃಷ್ಠದಿಂದ ಗೋಡೆಯನ್ನು ಮುಟ್ಟುವಂತೆ ಹಿಂದಕ್ಕೆ ಸರಿಸುತ್ತ ಸೊಂಟದ ಕೀಲಿನಲ್ಲಿ ಬಾಗಬೇಕು, ಬೆನ್ನಿನಲ್ಲಿ ಅಲ್ಲ. ಇದನ್ನು ತೋಟದ ಕೆಲಸಕ್ಕೆ ಹೊಂದಿಸಿ ಹೇಳಿದ್ದರಲ್ಲಿ ಅವರ ಜಾಣತನವಿದೆ. ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ತಗ್ಗಿನಲ್ಲಿ ಕೂತು ರಾತ್ರಿಯವರೆಗೂ ಏಳದೆ ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿ ಮತ್ತೆ ಕೂರಬೇಕು. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮನ್ನು ಒಬ್ಬರೇ ತಿರುಗಿಸುವ ಬದಲು ಇಬ್ಬರು ಹಿಡಿಯಬೇಕು. ಸೊಪ್ಪಿನ ಹೊರೆಯನ್ನು ಒಮ್ಮೆಲೇ ದೊಡ್ಡದು ಮಾಡದೆ ಎರಡು ಮಾಡಬೇಕು. ದೋಟಿ ಎಂಬ ಉದ್ದದ ಕೋಲು ಹಿಡಿದು ಮೇಲೆ ನೋಡುತ್ತಲೇ ಅಡಿಕೆಯ ಗೊನೆ ಕೊಯ್ಯುವವರು ನಡುನಡುವೆ ದೋಟಿಯನ್ನು ಒರಗಿಸಿಟ್ಟು ಕತ್ತು ಬೆನ್ನು ಸಡಿಲಿಸಬೇಕು. ಅಂಗಳ ಗುಡಿಸಿ ಗುಡಿಸಿ ನಡು ಬಿದ್ದುಹೋಗಿದೆ ಎಂದ ಅಜ್ಜಿಯೊಬ್ಬರಿಗೆ, ‘ಅಮ್ಮಾ, ಮಾತ್ರೆ ಇರಲಿ, ಮೊದಲು ಕಸಬರಿಗೆಗೆ ಉದ್ದದ ಕೋಲು ಕಟ್ಟಿಸಿ’ ಎಂದರು. ಆ ಸಲಹೆಗೆ ಬಿಲ್ ಇರಲಿಲ್ಲ.

ಕೊಟ್ಟಿಗೆಯಿದ್ದವರಿಗೆ ಹೇಳಿದ ಇನ್ನೊಂದು ಮಾತನ್ನು ಎಲ್ಲರೂ ತಿಳಿದಿರುವುದು ಲೇಸು. ರಾತ್ರಿ ಮಲಗಿದಾಗ ಭಾರ ಇಳಿದ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ರಾತ್ರಿಗಿಂತ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿರುವುದಕ್ಕೆ ಇದೇ ಕಾರಣ. ಹಾಗೆ ಉಬ್ಬಿದ ಹೊತ್ತಿನಲ್ಲಿ ಬೆನ್ನನ್ನು ಬಲವಾಗಿ ಮುಂದಕ್ಕೆ ಬಾಗಿಸಿದರೆ ಡಿಸ್ಕಿನ ಮೇಲಿನ ಒತ್ತಡ ಹೆಚ್ಚು. ನಮ್ಮಲ್ಲಿ ಹಾಸಿಗೆಯಿಂದ ಎದ್ದವರು ನೇರ ಕೊಟ್ಟಿಗೆಗೆ ಹೋಗಿ ಸಗಣಿ ಬಾಚುತ್ತಾರೆ. ಬೆಳಿಗ್ಗೆ ಎದ್ದ ಮೊದಲ ಹೊತ್ತಿನಲ್ಲಿ ಬಾಗುವ ಕೆಲಸವನ್ನು ತಪ್ಪಿಸಿದರೆ ಹಳೆಯ ಸೊಂಟನೋವು ತಗ್ಗುತ್ತದೆಂದು 1998ರ ಒಂದು ಪ್ರಯೋಗ ತೋರಿಸಿದೆ. ಕಾಫಿಯೋ ಕಷಾಯವೋ ಕುಡಿದು ಸ್ವಲ್ಪ ಓಡಾಡಿ, ಹಾಲು ಕರೆಯುವುದನ್ನು ಎತ್ತರದ ಮಣೆಯ ಮೇಲೆ ಕೂತು ಮುಗಿಸಿ, ಸಗಣಿ ಬಾಚುವುದನ್ನು ಮುಂದೂಡುವುದಕ್ಕೆ ಖರ್ಚೇನೂ ಇಲ್ಲ, ದನಗಳ ಒಪ್ಪಿಗೆ ಮಾತ್ರ ಬೇಕು.

ಹಾಸಿಗೆ ಹಿಡಿಯಬಾರದೆಂಬುದನ್ನೂ ಅವರು ಒತ್ತಿ ಹೇಳಿದರು. ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ದಿನ ಮಲಗಿದವರಿಗಿಂತಲೂ, ಬಾಗುವ ವ್ಯಾಯಾಮ ಮಾಡಿದವರಿಗಿಂತಲೂ, ನೋವು ತಾಳುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು ಬೇಗ ಚೇತರಿಸಿಕೊಂಡರು. ಹೊಸ ನೋವಿರುವಾಗ ಕಸರತ್ತಿಗೆ ಅವಸರವೂ ಬೇಡ, ಮಲಗುವುದೂ ಬೇಡ. ಹೆಚ್ಚಿನವರಿಗೆ ಮೊದಲ ಆರು ವಾರಗಳಲ್ಲಿ ನೋವು ಬಹುಪಾಲು ಇಳಿಯುತ್ತದೆ, ಆದರೆ ಹಾಗೆ ಗುಣವಾದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಗೆ ವರ್ಷದೊಳಗೆ ಮರಳಿ ಬರುತ್ತದೆ. ಮರಳುವುದನ್ನು ಮುಂದಕ್ಕೆ ತಳ್ಳಲು ನಡಿಗೆಯಷ್ಟು ಅಗ್ಗದ ಉಪಾಯ ಬೇರೆ ಕಾಣೆ. ಆಸ್ಟ್ರೇಲಿಯದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮೇಣ ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆಯತ್ತ ಸಾಗಿದವರಲ್ಲಿ ನೋವು ಮರಳುವುದಕ್ಕೆ ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು. ನಡೆಯದ ಗುಂಪಿನಲ್ಲಿ 112 ದಿನ. ತೋಟದಲ್ಲಿ ದಿನವಿಡೀ ಓಡಾಡುವವನಿಗೆ ಬೇರೆ ನಡಿಗೆ ಏಕೆ ಎಂದು ನಾನು ವಾದಿಸಿದೆ. ಕಾಲುವೆ ದಾಟುತ್ತ, ಬಗ್ಗಿ ಅಡಿಕೆ ಹೆಕ್ಕುತ್ತ ಹೋಗುವುದು ಕೆಲಸ, ಕೈ ಬೀಸಿಕೊಂಡು ಒಂದೇ ಗತಿಯಲ್ಲಿ ನಡೆಯುವುದು ಬೇರೆ ಎಂಬುದು ಅವರ ಉತ್ತರ.

ಕೇಂದ್ರದ ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ಬೆಲ್ಟು, ಕುರ್ಚಿಗೆ ಕಟ್ಟುವ ದಿಂಬು, ಜೆಲ್ ಪ್ಯಾಕು ಮಾರಾಟಕ್ಕಿವೆ. ಬೆಲ್ಟನ್ನು ವೈದ್ಯೆ ನನಗೆ ಕೊಳ್ಳಲು ಹೇಳಲಿಲ್ಲ, ಹಣ ತೆಗೆದುಕೊಳ್ಳುವ ಮೇಜಿನಲ್ಲಿದ್ದವರು ಹೇಳಿದರು. ಈ ಎರಡು ಬಾಯಿಗಳು ಒಂದಾಗಬೇಕು. ಘಟ್ಟದ ರಸ್ತೆಯಲ್ಲಿ ಕಾರು ಓಡಿಸುವಾಗ ನಡುವಿನ ಹಿಂದೆ ದಿಂಬು ಇಟ್ಟುಕೊಳ್ಳುವುದು ಹಿತ, ಅದಕ್ಕೆ ಮನೆಯ ಪಂಚೆಯೊಂದನ್ನು ಸುತ್ತಿಟ್ಟರೂ ನಡೆಯುತ್ತದೆ. ಹಲಗೆಯ ಮೇಲೆ ಮಲಗಬೇಕೆಂಬ ಹಳೆಯ ನಂಬಿಕೆಯನ್ನೂ ಇಲ್ಲಿ ಬಿಡಿಸಿದರು. ಸ್ಪೇನಿನಲ್ಲಿ 313 ಮಂದಿಯ ಮೇಲೆ ನಡೆದ 2003ರ ಪ್ರಯೋಗದಲ್ಲಿ ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮೂರು ತಿಂಗಳು ಮಲಗಿದವರಿಗೆ ಹೆಚ್ಚು ಆರಾಮವಾಗಿತ್ತು. ಮಾತ್ರೆಯ ವಿಷಯದಲ್ಲಿ ಅವರು ಬಾಯಿ ಹಾಕದೆ ಔಷಧ ಬರೆದುಕೊಡುವ ವೈದ್ಯರತ್ತ ಕಳಿಸಿದ್ದು ಸರಿಯಾದ ನಡೆ. ಹೊಸ ಸೊಂಟನೋವಿಗೆ ಪ್ಯಾರಸಿಟಮಾಲ್ ಮಾತ್ರೆ ಔಷಧವೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲವೆಂದು 2014ರ ದೊಡ್ಡ ಪ್ರಯೋಗವೊಂದು ತೋರಿಸಿತ್ತು. ಡೈಕ್ಲೋಫಿನಾಕ್ ನೋವು ತಗ್ಗಿಸುತ್ತದೆಯಾದರೂ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ ಇರುವವರು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆ ಅದಲ್ಲ.

ಅನುಕೂಲಗಳ ಲೆಕ್ಕ ಬೇಗ ಮುಗಿಯುತ್ತದೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು, ಹಿಡಿಕೆ ಒಂದೇ ಬದಿಗೆ. ಸೊಂಟ ಹಿಡಿದವರಿಗಾಗಿಯೇ ಇರುವ ಜಾಗಕ್ಕೆ ಇದು ಒಪ್ಪುವುದಿಲ್ಲ. ಹೆಂಗಸರಿಗೆ ಬೇರೆ ಪರದೆಯಿದೆ, ಸಹಾಯಕಿಯರೂ ಇದ್ದಾರೆ. ಟವೆಲುಗಳು ಶುಚಿಯಾಗಿವೆ. ಹೇಳಿದ ಸಮಯಕ್ಕೆ ಒಳಗೆ ಕರೆಯುತ್ತಾರೆ, ಸಂತೆಯ ದಿನ ಮಾತ್ರ ಕಾಯಬೇಕು. ಕರೆಂಟ್ ಹೋದರೆ ಯಂತ್ರದ ಹೊತ್ತನ್ನು ವ್ಯಾಯಾಮಕ್ಕೆ ಕೊಡುತ್ತಾರೆ. ಆದ್ದರಿಂದ ಗಾಳಿಮಳೆಯ ದಿನ ಹೋದವರಿಗೆ ಲಾಭ.

ಯಾರು ಇಲ್ಲಿಗೆ ಮೊದಲು ಬರಬಾರದೆಂಬುದನ್ನೂ ಹೇಳಬೇಕು. ಜ್ವರದೊಂದಿಗೆ ಬಂದ ಮೈಕೈ ನೋವನ್ನೂ ಸೊಂಟನೋವನ್ನೂ ನಮ್ಮ ಜಿಲ್ಲೆಯಲ್ಲಿ ಉಳುಕೆಂದು ತಳ್ಳಿಹಾಕುವಂತಿಲ್ಲ: ಬೇಸಿಗೆಯ ಮೊದಲು ಮತ್ತು ಬೇಸಿಗೆಯಲ್ಲಿ ಕಾಡಿಗೆ, ಬೆಟ್ಟಕ್ಕೆ ಹೋಗಿಬಂದವರಾದರೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ನಿಂತವರಾದರೆ ಇಲಿಜ್ವರ, ಎರಡೂ ಹೀಗೆಯೇ ಆರಂಭವಾಗಬಹುದು, ರಕ್ತಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಬೇಕು. ವಾರಗಟ್ಟಲೆ ಬಿಡದ ನೋವಿನ ಜೊತೆಗೆ ಸಂಜೆಯ ಜ್ವರವೂ ತೂಕದ ಇಳಿಕೆಯೂ ಇದ್ದರೆ ಬೆನ್ನೆಲುಬಿನ ಕ್ಷಯವೇ ಅಲ್ಲವೇ ಎಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಒಂದು ಬದಿಯ ಪಕ್ಕೆಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ ನೋವು ಮೂತ್ರದ ಕಲ್ಲಿನದಿರಬಹುದು. ಮೂತ್ರ ಕಟ್ಟಿಕೊಂಡು ಕಾಲು ಸೋತವರು ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ, ಹುಬ್ಬಳ್ಳಿಯೋ, ಮಣಿಪಾಲವೋ ಎಂದು ಮನೆಯಲ್ಲಿ ಚರ್ಚಿಸುತ್ತ ಒಂದು ರಾತ್ರಿ ಕಳೆಯಬಾರದು. ನರದ ಮೇಲಿನ ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆ ತಡವಾದಷ್ಟೂ ಕಳೆದ ಶಕ್ತಿ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ, ಘಟ್ಟ ಇಳಿದೋ ಏರಿಯೋ ಹೋಗಬೇಕಾದ ನಮಗೆ ದಾರಿಯೇ ಗಂಟೆಗಳನ್ನು ತಿನ್ನುತ್ತದೆ.

ಉಳಿದವರು, ಎಂದರೆ ನಮ್ಮಂಥ ಬಹುತೇಕರು, ಹೋಗಬಹುದು. ಹತ್ತು ಸಲದ ಪ್ಯಾಕೇಜನ್ನು ಮೊದಲ ದಿನವೇ ಕಟ್ಟಬೇಡಿ; ತಪಾಸಣೆಯ 500 ರೂಪಾಯಿ ಕೊಟ್ಟು, ‘ಯಂತ್ರ ಬೇಡ, ವ್ಯಾಯಾಮ ಮಾತ್ರ ಕಲಿಸಿ, ಎರಡು ವಾರಕ್ಕೊಮ್ಮೆ ಬಂದು ತೋರಿಸುತ್ತೇನೆ’ ಎಂದು ಕೇಳಿ. ಫಲಕದಲ್ಲಿ ಅಂಥ ದರ ಬರೆದಿಲ್ಲವಾದರೂ ನಾನು ಕೇಳಿದ ಮೇಲೆ ಒಪ್ಪಿಕೊಂಡರು, 350ರ ಜಾಗದಲ್ಲಿ 250 ತೆಗೆದುಕೊಂಡು ಅರ್ಧ ಗಂಟೆ ಪೂರ್ತಿ ಎದುರಿಗೇ ನಿಂತು ಮಾಡಿಸಿದರು. ಬೆಳಿಗ್ಗೆ ಹತ್ತರೊಳಗೆ ಹೋದರೆ ವೈದ್ಯೆಯೇ ಸಿಗುತ್ತಾರೆ. ಸಂಜೆ ಐದರ ನಂತರ ಜನ ಹೆಚ್ಚು, ಹೆಚ್ಚಿನ ಕೆಲಸ ಸಹಾಯಕಿಯರದ್ದು.